ದುಡಿಯೋಕೆ ಅಕ್ಕ, ಪೀಠಕ್ಕೆ ಅಣ್ಣ!

ನಮ್ಮ ಮಾಗಳ, ಹಡಗಲಿ ಕಡೆಯವರಿಗೆ ಬಹಳ ಕಾಲ ಬಳ್ಳಾರಿ ಅಂದರೆ ಕೋರ್ಟು, ಕಚೇರಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಆ ಓಡಾಟ ಕಡಿಮೆಯಾಯಿತು ಅನ್ನಿ. ಅದೇ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಪಾದ್ರಿ ಬಂದರು. ಕನ್ನಡ ಕಲಿತು ಬೈಬಲ್ಲನ್ನೇ ಕನ್ನಡಕ್ಕೆ ತಂದರು. ಅವರ ಹೆಸರು ಚರಿತ್ರೆಯಲ್ಲಿದೆ, ಸಂತೋಷ. ಆದರೆ ಆ ಪುಸ್ತಕವನ್ನು ಮನೆಯೊಳಗೆ ಒಯ್ದವರು ಯಾರು?

ಪಾದ್ರಿ ಎಷ್ಟೇ ದೊಡ್ಡವನಿರಲಿ, ಪಡಸಾಲೆ ದಾಟುವ ಹಾಗಿರಲಿಲ್ಲ. ಅಡಿಗೆಮನೆಯ ತನಕ ಹೋದವರು ‘ಬೈಬಲ್ ವುಮನ್’ ಅಂತ ಕರೆಸಿಕೊಂಡ ಈ ನೆಲದ ಹೆಂಗಸರೇ. ಎಷ್ಟೋ ಜನ ವಿಧವೆಯರು. ಮನೆ ಮನೆಗೆ ಕಾಲ್ನಡಿಗೆ. ಬಾಣಂತಿಯ ಯೋಗಕ್ಷೇಮ ಕೇಳಿ, ಸೊಸೆಗೆ ನಾಲ್ಕಕ್ಷರ ಕಲಿಸಿ, ಆಮೇಲೆ ಉಪದೇಶ. ಸೀಮೆಗೆ ಹೋದ ವರದಿಗಳಲ್ಲಿ ಮಾತ್ರ ಎಷ್ಟೋ ಸಲ ಇವರಿಗೆ ಹೆಸರೇ ಇಲ್ಲ. ಇಷ್ಟು ಮಂದಿ ಅಂತ ತಲೆಯೆಣಿಕೆ, ಅಷ್ಟೆ!

ಕರಾವಳಿಯಲ್ಲೂ ದುಡಿಮೆಗೆ ಕಡಿಮೆಯಿಲ್ಲ. ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜನ್ನು 1921ರಲ್ಲಿ ತೆರೆದವರು ಕಾರ್ಮೆಲ್ ಸಿಸ್ಟರುಗಳು. ಉಡುಪಿಯಲ್ಲಿ 1923ರಲ್ಲಿ ಮಿಷನ್ ಆಸ್ಪತ್ರೆ ಶುರು ಮಾಡಿದವರು ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್.

ಇನ್ನು ಪೀಠದ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುತಿಂಗಳೇ, 1947ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿತು. ಅಲ್ಲಿ ಹೆಂಗಸಿಗೆ ಪಾದ್ರಿ ದೀಕ್ಷೆ ಸಿಕ್ಕಿದ್ದು 1976ರಲ್ಲಿ. ಬರೋಬ್ಬರಿ 29 ವರ್ಷ! ಅಷ್ಟರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಹತ್ತು ವರ್ಷ ಆಗಿತ್ತು. ಬಿಷಪ್ ಕುರ್ಚಿಗೆ ಮತ್ತೆ 37 ವರ್ಷ ಕಾಯಬೇಕಾಯಿತು. 2013ರಲ್ಲಿ ಇ. ಪುಷ್ಪ ಲಲಿತಾ ಅವರು ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಎಲ್ಲಿ? ನಂದ್ಯಾಲದಲ್ಲಿ. ಬಳ್ಳಾರಿ ದಾಟಿದರೆ ಆಂಧ್ರ, ದೂರದ ಊರೇನಲ್ಲ. ಕ್ಯಾಥೊಲಿಕರಲ್ಲಂತೂ ಇವತ್ತಿಗೂ ಹೆಂಗಸು ಪಾದ್ರಿಯಾಗುವ ಹಾಗಿಲ್ಲ. ಶಾಲೆ, ದವಾಖಾನೆಗೆ ಸಿಸ್ಟರು ಬೇಕು, ಪೂಜೆಗೆ ಬೇಡ.

‘ಯೇಸುವಿನ ಹನ್ನೆರಡು ಶಿಷ್ಯರೂ ಗಂಡಸರಲ್ಲವೇ?’ ಅಂತ ವಾದಿಸುವವರಿದ್ದಾರೆ. ಸರಿ ಸ್ವಾಮಿ. ಸಮಾಧಿ ಬರಿದಾದ ಸುದ್ದಿ ಮೊದಲು ತಂದವರು ಯಾರು? ಮಗ್ದಲದ ಮರಿಯಳೂ ಅವಳ ಜೊತೆಯವರೂ. ಆ ಸುದ್ದಿಯನ್ನು ಗಂಡಸರು ಹುಚ್ಚು ಮಾತು ಅಂದುಕೊಂಡರು ಅಂತ ಲೂಕನೇ ಬರೆದಿಟ್ಟಿದ್ದಾನೆ!

ಹಳೇ ಚರ್ಚುಗಳ ಗೋಡೆಯಲ್ಲಿ ಪಾದ್ರಿಗಳ ಹೆಸರು, ಇಸವಿ ಬರೆಸಿರುತ್ತಾರೆ. ಪಕ್ಕದಲ್ಲಿ ಬೈಬಲ್ ವುಮನ್‌ಗಳ ಹೆಸರನ್ನೂ ಬರೆಸಿದರೆ ಪೇಂಟರಿಗೆ ಎಷ್ಟು ಹೆಚ್ಚು ಕೊಡಬೇಕಾದೀತು? ಹೆಸರು ನೆನಪಿರುವ ಅಜ್ಜಿಯರು ಒಬ್ಬರೋ ಇಬ್ಬರೋ ಸಿಕ್ಕಾರು. ಈ ಭಾನುವಾರವೇ ಕೇಳಿ ಬರೆದುಕೊಳ್ಳಲಿ.