ಟಿಕ್ ಇರುವ ಮಕ್ಕಳಿಗೆ ಉತ್ತೇಜಕವಲ್ಲದ ಔಷಧ

ಗಮನ ನಿಲ್ಲದ, ಚಟುವಟಿಕೆ ಮಿತಿಮೀರುವ ಎಡಿಎಚ್‌ಡಿಯ ಜೊತೆಗೆ, ಪದೇ ಪದೇ ಕಣ್ಣು ಮಿಟುಕಿಸುವ, ಗಂಟಲು ಸರಿಮಾಡಿಕೊಳ್ಳುವ ಟಿಕ್‌ಗಳೂ ಮಗುವಿನಲ್ಲಿದ್ದರೆ, ಹಲಸೂರಿನಿಂದಲೋ ಕೆ.ಆರ್. ಪುರದಿಂದಲೋ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಅಥವಾ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರುವ ಹೆತ್ತವರು, ಔಷಧವೇ ಟಿಕ್ ಹೆಚ್ಚಿಸೀತೆಂದು ಅಂಜುವುದು ಸಹಜ. ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕದ ಮೇಲಿನ ಈ ಶಂಕೆಯನ್ನು 2002ರಲ್ಲಿ ಪ್ರಕಟವಾದ, 136 ಮಕ್ಕಳನ್ನೊಳಗೊಂಡ ಅಮೆರಿಕದ ಅಧ್ಯಯನವು ಬಹುಮಟ್ಟಿಗೆ ಅಲ್ಲಗಳೆದಿರುವುದರಿಂದ, ಹಳೆಯ ಭಯಕ್ಕಾಗಿ ಅದನ್ನು ನಿರಾಕರಿಸುವುದು ಮಗುವಿಗೆ ಅನ್ಯಾಯವೇ ಸರಿ.

ಉತ್ತೇಜಕ ಒಗ್ಗದವರಿಗೆ ಅಟೊಮಾಕ್ಸೆಟಿನ್ ಇದೆ, ಆದರೆ ಅದರ ಪೂರ್ಣ ಫಲಕ್ಕೆ ಕೆಲವು ವಾರಗಳು ಬೇಕು. ಮೂಲತಃ ರಕ್ತದೊತ್ತಡದ ಮಾತ್ರೆಯಾದ ಕ್ಲೊನಿಡಿನ್ ಟಿಕ್‌ಗಳನ್ನೂ ತಗ್ಗಿಸಬಲ್ಲದಾದರೂ ತೂಕಡಿಕೆ ತರುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಅಪಾಯಕರವಾಗಿ ಏರಬಹುದಾದ್ದರಿಂದ, ವೈದ್ಯರ ನಿಗಾದಲ್ಲಿ ಹಂತಹಂತವಾಗಿಯೇ ಬಿಡಿಸಬೇಕು.