ದೊಡ್ಡ ಅಯಸ್ಕಾಂತಕ್ಕೆ ಸಣ್ಣ ಕರೆಂಟ್ ಸಾಕು

ಪುಣೆಯ ಐಟಿ ಕಂಪನಿಗಳಲ್ಲಿರುವ ನಮ್ಮಂಥವರು ರಜೆಯ ದಿನ ಶಾಲೆಗಳಿಗೆ ಹೋಗಿ ವಿಜ್ಞಾನದ ಪ್ರಯೋಗ ತೋರಿಸುವುದುಂಟು. ವಿದ್ಯುತ್ಕಾಂತ ಅಂದರೆ ಮಕ್ಕಳಿಗೆ ಮೊಳೆ ಎತ್ತಿದರೆ ಸಾಲದು, ಕಲ್ಲು ಎತ್ತಬೇಕು. ಮೇಷ್ಟ್ರಿಗೆ ಶಾಕ್ ಹೊಡೆದೀತೆಂಬ ಭಯ. ಕೊನೆಗೆ ಪಾಠ ಬೋರ್ಡಿನ ಮೇಲೆಯೇ ಮುಗಿಯುತ್ತದೆ.

ಹಳೆಯ ಮೈಕ್ರೋವೇವ್ ಬಿಚ್ಚಿ ಟ್ರಾನ್ಸ್‌ಫಾರ್ಮರ್ ತೆಗೆಯುವ ವಿಡಿಯೊಗಳನ್ನು ನಂಬಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಜೀವ ತೆಗೆಯಬಲ್ಲದು. ಅಷ್ಟು ವಿದ್ಯುತ್ ಬೇಕಾಗಿಯೂ ಇಲ್ಲ. 1831ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಯೇಲ್ ಕಾಲೇಜಿಗೆ ಮಾಡಿಕೊಟ್ಟ ವಿದ್ಯುತ್ಕಾಂತ ಸಣ್ಣ ಬ್ಯಾಟರಿಯಿಂದಲೇ 900 ಕೆ.ಜಿ.ಗೂ ಹೆಚ್ಚು ಭಾರ ಹೊತ್ತಿತ್ತು. ಗುಟ್ಟಿರುವುದು ತಂತಿಯ ಸುತ್ತುಗಳಲ್ಲಿ ಮತ್ತು ಸಂದಿಲ್ಲದೆ ಕೂಡುವ ಕಬ್ಬಿಣದಲ್ಲಿ.

ಲೆಕ್ಕ ನೋಡಿ. ‘ಯು’ ಆಕಾರದ ಮೆದು ಕಬ್ಬಿಣಕ್ಕೆ 400 ಸುತ್ತು, ಒಟ್ಟು 8 ಓಮ್ ರೋಧ, 12 ವೋಲ್ಟ್ ಅಡಾಪ್ಟರ್. ಹರಿಯುವುದು ಒಂದೂವರೆ ಆಂಪಿಯರ್, ಖರ್ಚು 18 ವ್ಯಾಟ್. ಒಂದು ಟೆಸ್ಲಾ ಕ್ಷೇತ್ರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ. ಸೆಳೆತ. ಎರಡೂ ಮುಖ ಸೇರಿ 8 ಚದರ ಸೆಂ.ಮೀ. ಇದ್ದರೆ 30 ಕೆ.ಜಿ.! ನಡುವೆ ಎರಡು ಮಿಲಿಮೀಟರ್ ರಟ್ಟು ಇಟ್ಟರೆ ಅದೇ ಅಯಸ್ಕಾಂತ ಒಂದೆರಡು ಕೆ.ಜಿ.ಗೆ ಸುಸ್ತಾಗುತ್ತದೆ. ಮಕ್ಕಳು ನೋಡಬೇಕಾದದ್ದು ಇದನ್ನೇ.

ಅಪಾಯ ಹೆಚ್ಚಿರುವುದು ಸ್ವಿಚ್ ಆರಿಸುವಾಗ. ಹರಿಯುತ್ತಿದ್ದ ಕರೆಂಟ್ ಥಟ್ಟನೆ ನಿಂತರೆ ಸುರುಳಿಯ ತುದಿಗಳಲ್ಲಿ ಕ್ಷಣಕಾಲ ನೂರಾರು ವೋಲ್ಟ್ ಏಳುತ್ತದೆ. ಬರಿ ತಂತಿ ಕೈಯಲ್ಲಿದ್ದರೆ ಜುಮ್ಮೆನ್ನುತ್ತದೆ. ಇದಕ್ಕೆ ಮದ್ದು 1ಎನ್4007 ಡಯೋಡ್. ಬುಧವಾರ ಪೇಠೆಯ ಅಂಗಡಿಗಳಲ್ಲಿ ಕೆಲವೇ ರೂಪಾಯಿ. ಅದರ ಬೆಳ್ಳಿ ಗೆರೆಯ ತುದಿ ಪ್ಲಸ್ ಕಡೆ ಬರುವಂತೆ ಸುರುಳಿಗೆ ಅಡ್ಡಲಾಗಿ ಜೋಡಿಸಿ. ತುದಿಗಳಿಗೆ ಟೇಪ್ ಸುತ್ತಿ, ಫ್ಯೂಸ್ ಹಾಕಿ. ಕಾಲಿಂಗ್ ಬೆಲ್ಲಿನ ಸ್ವಿಚ್ ಬಳಸಿದರೆ ಕೈ ತೆಗೆದ ಕೂಡಲೇ ಆರುತ್ತದೆ, ಸುರುಳಿ ಕಾಯುವುದಿಲ್ಲ. ಭಾರ ನೆಲದಿಂದ ಗೇಣುದ್ದಕ್ಕಿಂತ ಮೇಲೇಳದಿರಲಿ, ಕೆಳಗೆ ಮರಳಿನ ಚೀಲವಿರಲಿ, ಬೆರಳು ದೂರವಿರಲಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು.

ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ, ಮುಂದೆ ಇಲ್ಲಿನ ಅಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಒಂದು ಸೆಲ್, ಎರಡು ಸೇಫ್ಟಿ ಪಿನ್ನಿನಿಂದ ಮೋಟಾರ್ ತಿರುಗಿಸಿ ತೋರಿಸಿದರು. ಅಲ್ಲಿ ಮಕ್ಕಳು ದೂರ ಕೂತು ನೋಡಬೇಕಿಲ್ಲ, ಕೈಯಾರೆ ಮಾಡಬಹುದು. ನಿಮ್ಮೂರಿನ ಶಾಲೆಗೆ ಹೋದಾಗ ಪ್ರೊಜೆಕ್ಟರ್ ಕೊಡಿಸುವ ಮೊದಲು ಒಂದು ಸುರುಳಿ, ಒಂದು ಡಯೋಡ್ ಒಯ್ಯಿರಿ; ಮೇಷ್ಟ್ರ ಜೊತೆ ಕೂತು ಒಮ್ಮೆ ಜೋಡಿಸಿ ನೋಡಿ.