ಕಡಲ ತಡಿಯಲ್ಲಿ ಷಷ್ಟ್ಯಬ್ದಿ: ಸಂಭ್ರಮಕ್ಕೆ ಮುನ್ನ ಕೆಲವು ಆರೋಗ್ಯ ವಿಚಾರಗಳು

ದಾಂಪತ್ಯದ ಪ್ರತಿಜ್ಞೆಯನ್ನು ಮತ್ತೊಮ್ಮೆ ನೆನೆದುಕೊಳ್ಳುವ ಪದ್ಧತಿ ಪಾಶ್ಚಾತ್ಯರಿಂದ ಬಂದದ್ದೆಂದು ನಮ್ಮ ತರುಣರು ಭಾವಿಸುವುದುಂಟು. ಆದರೆ ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳು ಒಂದು ಸುತ್ತು ಮುಗಿಸಿ, ತಾನು ಹುಟ್ಟಿದ ಸಂವತ್ಸರವೇ ಮರಳಿ ಬಂದಾಗ ಗೃಹಸ್ಥನು ಪತ್ನೀಸಮೇತನಾಗಿ ಹಸೆಮಣೆಯೇರಿ, ಮತ್ತೊಮ್ಮೆ ಮಾಂಗಲ್ಯ ಕಟ್ಟುವ ಷಷ್ಟ್ಯಬ್ದಿ ಶಾಂತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎಪ್ಪತ್ತರಲ್ಲಿ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಸಹಸ್ರಚಂದ್ರದರ್ಶನ ಶಾಂತಿ, ಇವೂ ಅದೇ ಸಾಲಿಗೆ ಸೇರಿದವು.

ಇತ್ತೀಚಿನ ವರ್ಷಗಳಲ್ಲಿ ಈ ಸಮಾರಂಭ ಹೊಸದೊಂದು ಸ್ಥಳವನ್ನು ಹುಡುಕಿಕೊಂಡಿದೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಹಲವು ದಿಕ್ಕುಗಳಲ್ಲಿ ಹರಡಿಕೊಂಡಿವೆ. ಮಗ ಅಮೆರಿಕದಲ್ಲಿ, ಮಗಳು ದುಬೈಯಲ್ಲಿ, ಅಣ್ಣತಮ್ಮಂದಿರು ಧಾರವಾಡದಲ್ಲೋ ಉಡುಪಿಯಲ್ಲೋ ಇರುತ್ತಾರೆ. ನಗರದ ಸಭಾಂಗಣದಲ್ಲಿ ಐನೂರು ಜನಕ್ಕೆ ಊಟ ಹಾಕುವ ಬದಲು, ಮೂವತ್ತು ನಲವತ್ತು ಮಂದಿ ಆಪ್ತರು ವಿದೇಶದ ಕಡಲತೀರವೊಂದರಲ್ಲಿ ಮೂರು ದಿನ ಒಟ್ಟಿಗಿದ್ದು ಬರೋಣವೆಂದು ಮಕ್ಕಳು ಸೂಚಿಸುತ್ತಾರೆ. ಸೂಚನೆ ಸೊಗಸಾದದ್ದೇ. ಆದರೆ ಈ ಸಂಭ್ರಮದ ಕೇಂದ್ರದಲ್ಲಿರುವವರು ಅರವತ್ತು ದಾಟಿದವರು. ಅವರನ್ನು ಹರಸಲು ಬರುವವರು ಎಂಬತ್ತರ ಆಸುಪಾಸಿನವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಹೃದ್ರೋಗ ಇವುಗಳಲ್ಲಿ ಒಂದಾದರೂ ಇಲ್ಲದವರು ಈ ಬಳಗದಲ್ಲಿ ವಿರಳ. ಆದ್ದರಿಂದ ಹೂವಿನ ಅಲಂಕಾರ, ಛಾಯಾಗ್ರಾಹಕ ಇವುಗಳ ಮಾತಿಗೆ ಮುಂಚೆ ಆರೋಗ್ಯದ ಮಾತು ಬರಬೇಕು. ನಮಗೆ ಅತ್ಯಂತ ಸಮೀಪದ ವಿದೇಶೀ ಕಡಲತೀರವಾದ ಶ್ರೀಲಂಕೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ಕೆಲವು ವಿಚಾರಗಳನ್ನು ಪರಿಶೀಲಿಸಲಾಗಿದೆ.

ಕಾಲ ಮತ್ತು ಸ್ಥಳ

ಚೆನ್ನೈಯಿಂದ ಕೊಲಂಬೊ ಸುಮಾರು ಒಂದೂವರೆ ಗಂಟೆಯ ವಿಮಾನಯಾನ. ಅಲ್ಲಿಯ ಗಡಿಯಾರವೂ ನಮ್ಮದೇ. ಆದರೆ ದ್ವೀಪದ ಎರಡು ತೀರಗಳಿಗೆ ಎರಡು ಮಳೆಗಾಲಗಳಿವೆ. ಬೆಂತೋಟ, ಗಾಲೆ, ಮಿರಿಸ್ಸ ಮೊದಲಾದ ನೈಋತ್ಯ ತೀರದ ಊರುಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಮಳೆ, ಕಡಲಿನ ಅಬ್ಬರ. ಡಿಸೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಹವೆ ಹಿತಕರ. ತ್ರಿಕೋಣಮಲೆ, ನಿಲಾವೆಲಿಗಳಿರುವ ಪೂರ್ವ ತೀರದಲ್ಲಿ ಇದಕ್ಕೆ ವಿರುದ್ಧವಾಗಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಸಮುದ್ರ ಶಾಂತವಾಗಿರುತ್ತದೆ. ಕಡಲಿಗೆ ಚಾಚಿದ ಬಂಡೆಯ ಮೇಲಿನ ಕೋಣೇಶ್ವರ ದೇವಾಲಯದ ದರ್ಶನವೂ ಅಲ್ಲಿ ಸಾಧ್ಯ. ಅಕ್ಟೋಬರ್, ನವೆಂಬರ್ ತಿಂಗಳುಗಳನ್ನು ಎರಡು ತೀರಗಳಿಗೂ ಬಿಡುವುದೇ ಲೇಸು. ೨೦೨೫ರ ನವೆಂಬರ್ ಕೊನೆಯಲ್ಲಿ ಬೀಸಿದ ದಿತ್ವಾ ಚಂಡಮಾರುತದಿಂದ ಆ ದ್ವೀಪದಲ್ಲಿ ಭೀಕರ ಪ್ರವಾಹ, ಭೂಕುಸಿತಗಳು ಸಂಭವಿಸಿ ನೂರಾರು ಜನ ಪ್ರಾಣ ಕಳೆದುಕೊಂಡರು.

ಹುಣ್ಣಿಮೆಯ ದಿನ ಅಲ್ಲಿ ‘ಪೋಯ’ ಎಂಬ ಸಾರ್ವಜನಿಕ ರಜೆ. ಅಂದು ಮದ್ಯಮಾಂಸಗಳ ಮಾರಾಟವಿರದು. ನಮ್ಮಲ್ಲಿ ಅನೇಕರಿಗೆ ಇದು ಅನುಕೂಲವೇ. ಆದರೆ ಕಚೇರಿಗಳೂ ಹಲವು ಅಂಗಡಿಗಳೂ ಮುಚ್ಚಿರುತ್ತವೆ ಎಂಬುದನ್ನು ಗಮನದಲ್ಲಿಡಬೇಕು. ಮುಹೂರ್ತವನ್ನು ಸ್ಥಳೀಯ ಸೂರ್ಯೋದಯಕ್ಕೆ ಅನುಗುಣವಾಗಿ ಲೆಕ್ಕ ಹಾಕಿಕೊಡುವಂತೆ ಪುರೋಹಿತರನ್ನು ಮುಂಚಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಹೊರಡುವ ಮುನ್ನ

ಪ್ರಯಾಣಕ್ಕೆ ಆರರಿಂದ ಎಂಟು ವಾರ ಮೊದಲೇ ಹಿರಿಯರೆಲ್ಲರೂ ತಮ್ಮ ವೈದ್ಯರನ್ನು ಕಾಣತಕ್ಕದ್ದು. ರಕ್ತದೊತ್ತಡ, ರಕ್ತದ ಸಕ್ಕರೆ, ಅಗತ್ಯವಿದ್ದಲ್ಲಿ ಹೃದಯದ ವಿದ್ಯುತ್ ಲೇಖ, ಇಷ್ಟನ್ನಾದರೂ ನೋಡಿಸಿಕೊಳ್ಳಬೇಕು. ಇತ್ತೀಚೆಗೆ ಹೃದಯಾಘಾತವೋ ಶಸ್ತ್ರಚಿಕಿತ್ಸೆಯೋ ಆಗಿದ್ದವರು ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಿಮಾನ ಹತ್ತಬಾರದು. ಇನ್‌ಫ್ಲುಯೆಂಜಾ, ವಿಷಮಶೀತಜ್ವರ, ಹೆಪಟೈಟಿಸ್ ‘ಎ’, ಧನುರ್ವಾಯು ಇವುಗಳ ಲಸಿಕೆ ಬೇಕೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು.

ಔಷಧಿಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗುವಷ್ಟು ಕೊಂಡು, ಅವುಗಳ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಟ್ಟುಕೊಳ್ಳಬೇಕು. ವ್ಯಾಪಾರದ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಚೀಟಿಯಲ್ಲಿ ಔಷಧದ ಮೂಲ ಹೆಸರೇ ಇರುವುದು ಕ್ಷೇಮ. ಇನ್ಸುಲಿನ್ನನ್ನು ಎಂದಿಗೂ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಬಾರದು. ಅಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಹೋಗಲೂಬಹುದು. ತಂಪುಚೀಲದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಗಲದಂತೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಪ್ರವಾಸ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳನ್ನು ಮರೆಮಾಚಬಾರದು. ಕಂತು ಕಡಮೆಯಾಗಲೆಂದು ಬಚ್ಚಿಟ್ಟ ಒಂದು ಕಾಯಿಲೆ, ಆಸ್ಪತ್ರೆಯ ಇಡೀ ವೆಚ್ಚವನ್ನು ಮಕ್ಕಳ ತಲೆಯ ಮೇಲೆ ಹಾಕಬಲ್ಲದು.

ಅಮೆರಿಕ, ಯುರೋಪುಗಳಿಂದ ದೀರ್ಘ ಪ್ರಯಾಣ ಮಾಡಿ ಬರುವವರಿಗೆ ಇನ್ನೊಂದು ಎಚ್ಚರಿಕೆ. ನಾಲ್ಕು ಗಂಟೆಗೂ ಮೀರಿ ಒಂದೇ ಸಮನೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ನಡೆಯುವುದು, ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ನೀರು ಕುಡಿಯುವುದು ಸುಲಭ ಪರಿಹಾರಗಳು. ಬಂದಿಳಿದ ಮರುದಿನವೇ ಸಮಾರಂಭವಿಡದೆ ಒಂದು ದಿನದ ವಿಶ್ರಾಂತಿ ಕೊಡಬೇಕು.

ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನದಲ್ಲಿ ಒಯ್ಯುವಂತಿಲ್ಲ. ಕೊಲಂಬೊ ನಗರದ ಪೇಟೆಯಲ್ಲಿ ಹಿಂದೂ ದೇವಾಲಯಗಳಿರುವ ಬೀದಿಯಲ್ಲೇ ಪೂಜಾಸಾಮಗ್ರಿ ದೊರೆಯುತ್ತದೆ. ಬೆಲೆಬಾಳುವ ಒಡವೆಗಳನ್ನು ಒಯ್ಯುವವರು ಹೊರಡುವಾಗಲೇ ನಮ್ಮ ಸುಂಕದ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದುಕೊಂಡರೆ, ಮರಳುವಾಗ ಸುಂಕದ ತಕರಾರಿರದು.

ಮರಳು, ಬಿಸಿಲು, ಹೋಮಾಗ್ನಿ

ಸಪ್ತಪದಿಯನ್ನು ಬರಿಗಾಲಿನಲ್ಲಿ ತುಳಿಯುವುದು ಸಂಪ್ರದಾಯ. ಕಡಲತಡಿಯಲ್ಲಿ ಇದೇ ಒಂದು ಗಂಡಾಂತರವಾಗಬಹುದು. ಮಧ್ಯಾಹ್ನದ ಬಿಸಿಲಿಗೆ ಒಣಮರಳಿನ ಉಷ್ಣತೆ ೫೦ ಡಿಗ್ರಿ ಸೆಲ್ಸಿಯಸನ್ನು ದಾಟುವುದುಂಟು. ಬಹುಕಾಲದ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಪಾದದ ನರಗಳು ಜಡವಾಗಿ, ಬಿಸಿಯಾಗಲಿ ಮುಳ್ಳಾಗಲಿ ಅರಿವಿಗೆ ಬಾರದು. ಅಂದು ಸುಟ್ಟ ಅಂಗಾಲು ಮರುದಿನ ಬೊಬ್ಬೆಯಾಗಿ, ವಾರದಲ್ಲಿ ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೆ ಮುಟ್ಟಿದ ಉದಾಹರಣೆಗಳು ವೈದ್ಯರಿಗೆ ಅಪರಿಚಿತವಲ್ಲ. ಆದ್ದರಿಂದ ಮಂಟಪದ ನೆಲಕ್ಕೂ ಅಲ್ಲಿಗೆ ಹೋಗುವ ದಾರಿಗೂ ದಪ್ಪನೆಯ ಚಾಪೆ, ಜಮಖಾನೆ ಹಾಸಿರಬೇಕು. ಮಂಟಪದ ಅಂಚಿನವರೆಗೆ ಪಾದರಕ್ಷೆ ಇರಬೇಕು. ರಾತ್ರಿ ಮಲಗುವ ಮುನ್ನ ಮನೆಯವರು ಯಾರಾದರೂ ಹಿರಿಯರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು.

ಬೆಳಗಿನ ಆರು, ಆರೂವರೆಗೆ ಆರಂಭಿಸಿ ಒಂಬತ್ತರೊಳಗೆ ಮುಖ್ಯ ವಿಧಿಗಳನ್ನು ಮುಗಿಸುವುದು ಅತ್ಯುತ್ತಮ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ದೇಹದ ನೀರು ಇನ್ನೂ ಬೇಗ ಬತ್ತುತ್ತದೆ. ಕೇಳಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಅವರ ಕೈಗೆ ನೀರು ಕೊಡುವ ಕೆಲಸವನ್ನು ಒಬ್ಬ ಮೊಮ್ಮಗನಿಗೋ ಮೊಮ್ಮಗಳಿಗೋ ವಹಿಸಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರ ಅಳತೆಯನ್ನೇ ಪಾಲಿಸಬೇಕು. ಬೆವರು, ತಲೆಸುತ್ತು ಕಂಡ ಕೂಡಲೇ ನೆರಳಿಗೆ ಕರೆದೊಯ್ಯಬೇಕು. ಮೈ ಕಾದು, ಮಾತು ತೊದಲಿ, ಮಂಕು ಕವಿದರೆ ಅದು ಉಷ್ಣಾಘಾತ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.

ಉಪವಾಸದ ಪ್ರಶ್ನೆಯೂ ಮುಖ್ಯ. ವಿಧಿಗಳು ಮುಗಿಯುವವರೆಗೆ ಏನನ್ನೂ ಮುಟ್ಟುವುದಿಲ್ಲವೆಂದು ಹಟ ಹಿಡಿಯುವ ಹಿರಿಯರು ಇನ್ಸುಲಿನ್ನನ್ನೋ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ಎಂದಿನಂತೆ ತೆಗೆದುಕೊಂಡರೆ, ಹಸೆಮಣೆಯ ಮೇಲೆಯೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅಂದಿನ ಔಷಧದ ಪ್ರಮಾಣವನ್ನು ವೈದ್ಯರಿಂದ ಬರೆಯಿಸಿಕೊಂಡಿರಬೇಕು. ಹಾಲು, ಹಣ್ಣು ಸೇವನೆಗೆ ಪುರೋಹಿತರ ಅನುಮತಿ ಕೇಳಿದರೆ ಅವರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಎರಡು ಗಂಟೆ ನೆಲದ ಮೇಲೆ ಕುಳಿತು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಬೀಳುವ ಸಂಭವವಿದೆ. ಎತ್ತರದ ಮಣೆ, ಬೆನ್ನಿಗೆ ಒರಗು, ಏಳುವಾಗ ಆಸರೆಗೊಂದು ಕೈ, ಇಷ್ಟಿದ್ದರೆ ಶಾಸ್ತ್ರಕ್ಕೇನೂ ಕುಂದಾಗದು.

ಕಡಲಗಾಳಿಯಲ್ಲಿ ಹೋಮಾಗ್ನಿ ಯಾವ ಕಡೆಗೆ ಹೊರಳುವುದೆಂದು ಹೇಳಲಾಗದು. ಮೂರು ಕಡೆ ಗಾಳಿತಡೆ ಕಟ್ಟಿಸಿ, ಪಕ್ಕದಲ್ಲಿ ನೀರು ತುಂಬಿದ ಕೊಡ ಇರಿಸಬೇಕು. ಕೃತಕ ನೂಲಿನ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಅಗ್ನಿಯ ಬಳಿ ಕೂರುವವರು ಹತ್ತಿ ಅಥವಾ ಅಪ್ಪಟ ರೇಷ್ಮೆಯನ್ನು ಉಡಲಿ. ಉಬ್ಬಸವಿರುವವರು ಹೊಗೆ ಬಾರದ ಕಡೆ ಕುಳಿತು ಇನ್‌ಹೇಲರನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಲಿ. ತೀರದಲ್ಲಿ ಬೆಂಕಿ ಹಾಕಲು ಸ್ಥಳೀಯ ಅನುಮತಿಯನ್ನು ಹೊಟೇಲಿನವರಿಂದ ಬರವಣಿಗೆಯಲ್ಲೇ ಪಡೆಯಬೇಕು. ಶ್ರೀಲಂಕೆಯ ತೀರಗಳಲ್ಲಿ ಐದು ಜಾತಿಯ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿಯ ಪ್ರಖರ ದೀಪ, ಸಿಡಿಮದ್ದುಗಳಿಂದ ಅವಕ್ಕೆ ತೊಂದರೆಯಾಗುತ್ತದೆ ಎಂಬುದನ್ನೂ ನಾವು ನೆನೆಯಬೇಕು.

ಊಟ, ಸೊಳ್ಳೆ, ಅಲೆ

ಬೆಳಿಗ್ಗೆ ಮಾಡಿದ ಚಿತ್ರಾನ್ನ, ಮೊಸರನ್ನಗಳನ್ನು ಮಧ್ಯಾಹ್ನದವರೆಗೆ ಸೆಕೆಯಲ್ಲಿಡುವುದು ಅಪಾಯಕರ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣು ಹೊರಸೂಸುವ ವಿಷ, ಮತ್ತೆ ಬಿಸಿ ಮಾಡಿದರೂ ನಾಶವಾಗದು. ಬೇಯಿಸಿದ ಪದಾರ್ಥ ಎರಡು ಗಂಟೆಗೂ, ಕಡು ಸೆಕೆಯಲ್ಲಿ ಒಂದು ಗಂಟೆಗೂ ಮೀರಿ ಹೊರಗಿರಬಾರದು. ವಾಂತಿಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟವಾಗಿ ಅಳೆದು ಬೆರೆಸಿ ಕುಡಿಸುವುದು ತಕ್ಷಣದ ಉಪಾಯ.

ಶ್ರೀಲಂಕೆ ಮಲೇರಿಯಾದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಸಾರಿತು. ಇದು ಮೆಚ್ಚತಕ್ಕ ಸಾಧನೆ. ಆದರೆ ಮರುವರ್ಷವೇ, ೨೦೧೭ರಲ್ಲಿ, ಅಲ್ಲಿ ೧ ಲಕ್ಷ ೮೦ ಸಾವಿರಕ್ಕೂ ಹೆಚ್ಚು ಜನ ಡೆಂಗೆಗೆ ಗುರಿಯಾದರು. ಡೆಂಗೆಯ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಮುಂಜಾನೆಯ ಮುಹೂರ್ತದಲ್ಲಿಯೂ ಸಂಜೆಯ ಕೂಟದಲ್ಲಿಯೂ ಕೈಕಾಲುಗಳಿಗೆ ಸೊಳ್ಳೆ ನಿವಾರಕ ಲೇಪಿಸಿಕೊಳ್ಳಬೇಕು. ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ ಪ್ರವಾಸದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು; ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ಸೇವಿಸುವವರು ಅದರ ವಿಷಯವನ್ನು ವೈದ್ಯರಲ್ಲೇ ಕೇಳಬೇಕು.

ಶಾಂತವಾಗಿ ಕಾಣುವ ನೀರಿನಲ್ಲಿಯೂ ತೀರದಿಂದ ಒಳಕ್ಕೆ ಸೆಳೆಯುವ ಪ್ರವಾಹವಿರಬಹುದು. ಸಿಕ್ಕಿಕೊಂಡವರು ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಬಳಿಕ ದಡದತ್ತ ತಿರುಗಬೇಕು. ಮಕ್ಕಳ ಮೇಲೆ ಸದಾ ಒಬ್ಬರ ಕಣ್ಣಿರಲಿ. ತುರ್ತು ಸಮಯದಲ್ಲಿ ಅಲ್ಲಿ ೧೯೯೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ‘ಸುವ ಸೆರಿಯ’ ಆಂಬುಲೆನ್ಸ್ ಬರುತ್ತದೆ. ಭಾರತದ ನೆರವಿನಿಂದ ೨೦೧೬ರಲ್ಲಿ ಆರಂಭವಾದ ಈ ಸೇವೆ ಉಚಿತ. ಸಮೀಪದ ದೊಡ್ಡ ಆಸ್ಪತ್ರೆ ಎಷ್ಟು ದೂರವಿದೆ ಎಂಬುದನ್ನು ಹೊಟೇಲನ್ನು ಗೊತ್ತುಮಾಡುವ ಮುನ್ನವೇ ವಿಚಾರಿಸಬೇಕು.

ಕಾನೂನಿನ ಒಂದು ಮಾತು

ಷಷ್ಟ್ಯಬ್ದಿಯ ದಂಪತಿಗಳು ಆಗಲೇ ವಿವಾಹಿತರಾದ್ದರಿಂದ ಈ ವಿಧಿಗೆ ಯಾವ ನೋಂದಣಿಯೂ ಬೇಡ. ಅದೇ ತೀರದಲ್ಲಿ ಮಕ್ಕಳ ಮದುವೆಯನ್ನು ಮಾಡುವುದಾದರೆ ಮಾತು ಬೇರೆ. ೧೯೫೫ರ ಹಿಂದೂ ವಿವಾಹ ಕಾಯಿದೆಯಂತೆ ರೂಢಿಯ ವಿಧಿಗಳು ನಡೆಯಬೇಕು. ಸಪ್ತಪದಿ ಸೇರಿರುವಲ್ಲಿ ಏಳನೆಯ ಹೆಜ್ಜೆಗೆ ವಿವಾಹ ಪೂರ್ಣವಾಗುತ್ತದೆ. ೧೯೬೯ರ ವಿದೇಶೀ ವಿವಾಹ ಕಾಯಿದೆಯಂತೆ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಲು, ನೋಟೀಸಿಗೆ ಮುಂಚೆ ವಧೂವರರಲ್ಲಿ ಒಬ್ಬರಾದರೂ ಮೂವತ್ತು ದಿನ ಅಲ್ಲಿ ವಾಸವಾಗಿರಬೇಕು. ವಾರದ ಪ್ರವಾಸದಲ್ಲಿ ಇದು ಆಗದ ಮಾತು. ಆದ್ದರಿಂದ ತಾಯ್ನಾಡಿನಲ್ಲಿಯೇ ವಿಧಿ, ನೋಂದಣಿ ಎರಡನ್ನೂ ಸರಳವಾಗಿ ಮುಗಿಸಿ, ಸಂಭ್ರಮವನ್ನು ಮಾತ್ರ ಕಡಲತಡಿಗೆ ಒಯ್ಯುವುದು ಜಾಣತನ.

ಯಾರಿಗಾಗಿ ಈ ಹಬ್ಬ?

ಇಷ್ಟೆಲ್ಲ ಯೋಚಿಸಿದ ಮೇಲೆ ಅಜ್ಜಿಗೆ ಪ್ರಯಾಣ ಬೇಡವೆಂದು ವೈದ್ಯರು ಹೇಳಿದರೆ ಏನು ಮಾಡಬೇಕು? ಮುಂಗಡ ಕೊಟ್ಟ ಹಣದ ಆಸೆಗೆ ಅವರನ್ನು ಹೊರಡಿಸುವುದೂ, ಅವರನ್ನು ಮನೆಯಲ್ಲಿ ಬಿಟ್ಟು ಮಿಕ್ಕವರು ಹೊರಡುವುದೂ ಎರಡೂ ಸಲ್ಲದು. ನಮ್ಮದೇ ಮಲ್ಪೆ, ಗೋಕರ್ಣಗಳಲ್ಲಿಯೂ ಕಡಲಿದೆ. ಅಲ್ಲಿಗೆ ರೈಲಿನಲ್ಲಿ ಮಲಗಿಕೊಂಡು ಹೋಗಬಹುದು. ಮುಂಗಡ ಮರಳುವ ಷರತ್ತನ್ನು ಮೊದಲೇ ಬರೆಯಿಸಿಕೊಂಡವರಿಗೆ ಈ ನಿರ್ಧಾರ ಕಷ್ಟವಾಗದು.

ಷಷ್ಟ್ಯಬ್ದಿಯನ್ನು ಹಿರಿಯರು ‘ಶಾಂತಿ’ ಎಂದು ಕರೆದು, ಅದರಲ್ಲಿ ಆಯುಷ್ಯ ಹೋಮ, ಮೃತ್ಯುಂಜಯ ಹೋಮಗಳನ್ನು ಸೇರಿಸಿದ್ದಾರೆ. ಇಳಿವಯಸ್ಸಿನ ದೇಹಕ್ಕೆ ಆಯುರಾರೋಗ್ಯ ಬೇಡುವುದೇ ಅದರ ಉದ್ದೇಶ. ಹಾಗಿರುವಾಗ ನೆರಳು, ನೀರು, ಔಷಧಗಳ ಚಿಂತೆಯೂ ಆ ಪೂಜೆಯ ಒಂದು ಅಂಗವೇ ಸರಿ. ಈ ವರ್ಷ ಅರವತ್ತನ್ನು ಮುಟ್ಟುತ್ತಿರುವ ನಮ್ಮ ಸಂಘದ ಎಲ್ಲ ದಂಪತಿಗಳೂ, ಯಾವ ತೀರದಲ್ಲಿ ಹಸೆಗೇರಿದರೂ, ಕ್ಷೇಮವಾಗಿ ಮನೆಗೆ ಮರಳಿ ಸಾವಿರ ಹುಣ್ಣಿಮೆಗಳನ್ನು ಕಾಣಲಿ.